ಒಂದು ಗೋಡೆಗೆ ಎರಡು ಮೀಟರು

ಕಾಕಾ ತೀರಿಕೊಂಡ ಸುದ್ದಿ ತಿಳಿಸಲು ಫೋನ್ ಮಾಡಿದ್ದು ಅವರ ತಮ್ಮ. "ಅಣ್ಣ ಹೋದ್ರಿ ಸರ್. ನಿನ್ನೆ ಮುಂಜಾನೆ. ಮಣ್ಣೂ ಆತು" ಎಂದರು. ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವಂಥದ್ದನ್ನೇ ನಾನೂ ಹೇಳಿದೆ. ಇನ್ನು ಫೋನ್ ಇಡುತ್ತಾರೆ ಎಂದುಕೊಂಡೆ. ಇಡಲಿಲ್ಲ.

"ಒಂದ ಮಾತು ಕೇಳೂದಿತ್ರಿ. ಆವತ್ತಿನ ಮೀಟಿಂಗಿಗಿಂತ ಮೊದಲ ಅಣ್ಣ ನಿಮಗ ನಮ್ಮ ಫ್ರಿಜ್ಜಿನ ಸಂಗತಿ ಹೇಳಿದ್ನೋ ಇಲ್ಲೋ?"

"ಅದು ಈಗ ಯಾಕ್ರಿ?"

"ಹೇಳೇನಿ ಅಂತಿದ್ದ ಅಂವ. ನಾ ನಂಬಲಿಲ್ಲ. ನಾಕು ವರ್ಷ ನಂಬಲಿಲ್ಲ. ಈಗ ಅಂವ ಇಲ್ಲ. ನೀವ ಹೇಳಬೇಕು."

ಫೋನಿನಲ್ಲಿ ಬೇಡ, ಬಂದು ಹೇಳುತ್ತೇನೆ ಎಂದೆ. "ಬರ್ರಿ" ಎಂದರು. ಇವತ್ತಿಗೆ ಒಂಬತ್ತು ದಿನವಾಯಿತು. ಕೊಲ್ಹಾಪುರದಿಂದ ಇಚಲಕರಂಜಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಿರುಗಿ ಮನೆಯಲ್ಲಿರಬಹುದು. ನಾನು ಹೋಗಿಲ್ಲ. ಹೋಗಿ ಏನು ಹೇಳಬೇಕೆಂಬುದು ನನಗೇ ಗೊತ್ತಿಲ್ಲ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಪುರಾವೆಯಿಲ್ಲದೆ ಏನನ್ನೂ ಒಪ್ಪಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಐದು ವರ್ಷ ತಲೆಗೆ ತುಂಬಿದರು. ಬೇರೆಯವರ ಮಾತಿನ ಮೇಲೆ ಈ ಚಟ ನಡೆಸುವುದು ಸುಲಭ. ನನ್ನ ನೆನಪಿನ ಮೇಲೇ ನಡೆಸತೊಡಗಿದಾಗ ಕಾಲಿಡಲು ನೆಲ ಸಿಗುತ್ತಿಲ್ಲ. ಆದ್ದರಿಂದ ಮೊದಲು ಆ ಮನುಷ್ಯನ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದನ್ನೆಲ್ಲ ಬರೆದಿಡುತ್ತೇನೆ.

ಅವರು ವಿದ್ಯುತ್ ಮೀಟರು ಓದುವ ಕೆಲಸ ಮಾಡಿ ನಿವೃತ್ತರಾದವರು. ಸುಳಕೂಡದ ಕಡೆಯ ಕನ್ನಡದ ಮನೆತನ. ತಂದೆ ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಬಂದು ನೆಲೆಸಿದ್ದರು. ನೌಕರಿಯ ಮೊದಲರ್ಧ ಗಡಹಿಂಗ್ಲಜದಲ್ಲಿ, ಉಳಿದದ್ದು ಇಚಲಕರಂಜಿಯಲ್ಲಿ. ಓಣಿಯವರೆಲ್ಲ ಅವರನ್ನು 'ರೀಡಿಂಗ್ ಕಾಕಾ' ಎನ್ನುತ್ತಿದ್ದರು. ನಾನೂ ಕಾಕಾ ಎಂದೇ ಕರೆಯುತ್ತಿದ್ದೆ.

ನನಗೆ ಅವರು ಸಿಕ್ಕಿದ್ದು ಹೀಗೆ. ಮನೆಯ ಮೇಲೆ ಸೋಲಾರ್ ಹಾಕಿಸುವವರ ದರಗಳನ್ನು ಹೋಲಿಸಿ ತೋರಿಸುವ ವೆಬ್‌ಸೈಟುಗಳು ಆಗ ನಮ್ಮ ಕಡೆ ಹೊಸದಾಗಿ ಬಂದಿದ್ದವು. ನಿಮ್ಮ ಊರು, ಕಳೆದ ತಿಂಗಳ ಲೈಟ್ ಬಿಲ್ಲು ಇಷ್ಟು ತುಂಬಿದರೆ ಸಾಕು. ಯಾರ ಹತ್ತಿರ ಎಷ್ಟು ಪ್ಯಾನೆಲ್ ಹಾಕಿಸಿದರೆ ವರ್ಷಕ್ಕೆ ಎಷ್ಟು ಉಳಿಯುತ್ತದೆ ಎಂದು ಪಟ್ಟಿ ಬರುತ್ತದೆ. ನಿಜವಾಗಿ ಅಷ್ಟು ಉಳಿಯುತ್ತದೆಯೇ ಎಂದು ಪರೀಕ್ಷಿಸಲು ಕೊಲ್ಹಾಪುರದ ಒಂದು ಗ್ರಾಹಕ ಸಂಸ್ಥೆ ನನ್ನನ್ನು ನೇಮಿಸಿತು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ, ಮೂರು ಊರು. ಮನೆಯ ಒಳಗೆ ಬಿಟ್ಟುಕೊಳ್ಳುವಂಥ ಪರಿಚಯದವನೊಬ್ಬ ಜೊತೆಗೆ ಬೇಕಾಗಿತ್ತು. ಸಂಸ್ಥೆಯವರು ಇವರನ್ನು ಹುಡುಕಿಕೊಟ್ಟರು.

ಮೊದಲ ದಿನ ನನ್ನ ಪ್ರಶ್ನಾವಳಿಯನ್ನು ಹಾಳೆ ಹಾಳೆಯಾಗಿ ತಿರುವಿ ನೋಡಿದರು.

"ಪ್ರೊಫೆಸರ್ ಸಾಹೇಬ್ರ, ಇದನ್ನೆಲ್ಲಾ ಕೇಳಿದ್ರ ಮಂದಿ ಹೆಣ್ಣು ನೋಡಾಕ ಬಂದಾರ ಅಂತ ತಿಳೀತಾರ."

"ನಾನು ಪ್ರೊಫೆಸರ್ ಅಲ್ಲರಿ."

"ಆಗ್ತೀರಿ. ಇಷ್ಟ ಪ್ರಶ್ನಾ ಕೇಳಾವ್ರು ಮತ್ತೇನ ಆಗ್ತಾರ?"

ಕುಳ್ಳಗಿನ ಮನುಷ್ಯ. ಅಂಗಿಯ ಜೇಬಿನಲ್ಲಿ ಪೆನ್ನು, ಬೆರಳುದ್ದದ ಟಾರ್ಚು, ಮಡಿಸಿದ ಒಂದು ಬಟ್ಟೆ ತುಂಡು. ಇಚಲಕರಂಜಿಯಲ್ಲಿ ಹತ್ತಿಯ ಧೂಳು ಎಲ್ಲದರ ಮೇಲೂ ಕೂರುತ್ತದೆ. ಮಗ್ಗದ ಓಣಿಗಳಲ್ಲಿ ಮೀಟರಿನ ಗಾಜಿಗೆ ಬಿಳಿ ತುಪ್ಪಳ ಬೆಳೆದಂತಿರುತ್ತದೆ. ಅವರು ಬಟ್ಟೆ ತೆಗೆದು ಗಾಜು ಒರೆಸದೆ ಅಂಕಿ ಓದಿದವರೇ ಅಲ್ಲ. "ಮಾರಿ ತೊಳಸಿ ಆಮ್ಯಾಲ ಮಾತಾಡಸ್ಬೇಕು" ಎನ್ನುತ್ತಿದ್ದರು. ನಿವೃತ್ತಿಯ ನಂತರವೂ ಯಾರ ಮನೆಗೆ ಹೋದರೂ ಮೀಟರಿನ ಮಾರಿ ತೊಳೆದೇ ಒಳಗೆ ಹೋಗುತ್ತಿದ್ದರು.

ಈಗಿನ ಮೀಟರುಗಳಲ್ಲಿ ಒಂದು ಪುಟ್ಟ ಕೆಂಪು ದೀಪ ಇರುತ್ತದೆ. ಒಳಗೆ ವಿದ್ಯುತ್ ಹೆಚ್ಚು ಉರಿದಷ್ಟೂ ಅದು ಬೇಗ ಬೇಗ ಮಿಣುಕುತ್ತದೆ. ಕಾಕಾ ಅದರ ಎದುರು ನಿಂತು, ತುಟಿ ಅಲುಗಿಸುತ್ತ ಎಣಿಸಿ, ಒಳಗೆ ಏನು ನಡೆದಿದೆ ಎಂದು ಹೊರಗಿನಿಂದಲೇ ಹೇಳುತ್ತಿದ್ದರು. ಒಂದು ಮನೆಯ ಬಾಗಿಲಲ್ಲಿ ನಿಂತು ಕೂಗಿದರು:

"ಅಕ್ಕಾರ, ಇಸ್ತ್ರಿ ಹಚ್ಚಿ ಮರತೀರಿ ನೋಡ್ರಿ."

ಒಳಗಿನಿಂದ ಹೆಂಗಸಿನ ದನಿ: "ಇಸ್ತ್ರಿ ಗಿಸ್ತ್ರಿ ಇಲ್ರಿ ಕಾಕಾ, ಸುಳ್ಳ ಹೇಳಬ್ಯಾಡ್ರಿ."

"ಹಂಗಾರ ಗೀಸರ್."

ಆಮೇಲೆ ಒಳಗೆ ಯಾರನ್ನೋ ಬೈಯುವ ಸದ್ದು, "ಅರ್ಧಾ ತಾಸಿನಿಂದ ಸ್ನಾನ ಮಾಡಾಕತ್ತೀ ಏನೋ, ಎಮ್ಮಿ ಹಂಗ!"

ನಾನು ನಕ್ಕೆ. ಅವರು ನಗಲಿಲ್ಲ. "ಹದಿನೈದು ನಿಮಿಷ ಆಗಿರ್ಬೇಕು, ಅರ್ಧಾ ತಾಸು ಅಲ್ಲ" ಎಂದರು. ಉತ್ಪ್ರೇಕ್ಷೆ ಅವರಿಗೆ ಆಗುತ್ತಿರಲಿಲ್ಲ, ಬೈಗುಳದಲ್ಲಿ ಕೂಡ.

ಆದರೆ ಅವರ ಬಗ್ಗೆ ಹೇಳಲೇಬೇಕಾದದ್ದು ಇನ್ನೊಂದಿದೆ. ಒಂದು ಮನೆಯ ಮೀಟರಿನ ಮಾತನ್ನು ಅವರು ಇನ್ನೊಂದು ಮನೆಯ ಬಾಗಿಲಲ್ಲಿ ಆಡುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದು ಗಡಹಿಂಗ್ಲಜದಲ್ಲಿ. ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ಹಿರಿಯ ಹೆಂಗಸು, ಕಾಕಾ ಆ ಊರಲ್ಲಿದ್ದ ಕಾಲದಿಂದ ಪರಿಚಯದವರು, ಮಗಳನ್ನು ಇಚಲಕರಂಜಿಯಲ್ಲಿ ಇವರ ಓಣಿಯ ಹತ್ತಿರವೇ ಕೊಟ್ಟಿದ್ದರು. ಅವಲಕ್ಕಿ ತಂದಿಟ್ಟು ಮೆಲ್ಲಗೆ ಕೇಳಿದರು:

"ನಮ್ಮ ಬೀಗರ ಮನಿ ಬಿಲ್ ಎಷ್ಟ ಬರ್ತೈತ್ರಿ? ನಮ್ಮ ಹುಡುಗಿ ಖೋಲಿಗೆ ಏಸಿ ಹಾಕೀವಿ ಅಂದಾರ. ಹಚ್ತಾರೋ, ಬರೇ ಗ್ವಾಡಿಗೆ ಚಂದ ಕಾಣಲಿ ಅಂತ ಹಾಕ್ಯಾರೋ?"

"ವಹಿನಿ, ಅವಲಕ್ಕಿ ಭಾಳ ಛಲೋ ಆಗ್ಯಾವ."

"ನಾ ಬಿಲ್ ಕೇಳಿದ್ನಿ."

"ನಾ ಅವಲಕ್ಕಿ ಅಂದ್ನಿ."

ಆಕೆ ನಕ್ಕು ತಟ್ಟೆಗೆ ಇನ್ನಷ್ಟು ಸುರಿದರು. ಹೊರಗೆ ಬಂದ ಮೇಲೆ ನಾನು ಕೆಣಕಿದೆ: ನಿವೃತ್ತಿಯಾಗಿದೆ, ಈಗ ಹೇಳಿದರೆ ಏನಾಗುತ್ತಿತ್ತು? ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದರು: "ಮೀಟರ್ ನೋಡಿದ್ರ ಮನ್ಯಾಗ ಯಾರು ಹಾಸಿಗಿ ಹಿಡದಾರ, ಯಾರ ಮಗ ಮುಂಜಾನೆ ತನಕಾ ಟೀವಿ ನೋಡ್ತಾನ, ಎಲ್ಲಾ ತಿಳೀತೈತಿ. ತಿಳದದ್ದು ಹೇಳ್ಕೋತ ಹೋದ್ರ ನಾಳೆ ಯಾರು ಬಾಗಲಾ ತಗೀತಾರ?"

ವೆಬ್‌ಸೈಟುಗಳ ವಿಷಯದಲ್ಲಿ ಅವರದು ಬೇರೆ ಥರದ ಪರೀಕ್ಷೆ. ಕೊಲ್ಹಾಪುರದ ಒಂದು ಹಳೆಯ ವಾಡೆಯಲ್ಲಿ ಮೂವರು ಹೆಂಗಸರನ್ನು ಕೂರಿಸಿ, ಮೂವರ ಫೋನಿನಲ್ಲೂ ಒಂದೇ ಬಿಲ್ಲಿನ ವಿವರ ತುಂಬಿಸಿದರು. ಮೂರು ಫೋನಿನಲ್ಲಿ ಪಟ್ಟಿ ಮೂರು ಥರ ಬಂತು. ಒಂದರಲ್ಲಿ ಮೇಲಿದ್ದ ಹೆಸರು ಇನ್ನೊಂದರಲ್ಲಿ ಕೆಳಗೆ. ಕಾರಣ ನನಗೂ ಪೂರ್ತಿ ತಿಳಿಯಲಿಲ್ಲ. ಕಾಕಾ ಕನ್ನಡಕ ತೆಗೆದು, "ಬಿಲ್ಲು ಒಂದ ಐತಿ. ಮಂದಿ ಯಾರು ಅಂತ ನೋಡಿ ಉತ್ತರಾ ಕೊಡ್ತೈತಿ ಇದು. ನಾನೂ ಹಂಗ ಮೀಟರ್ ಓದಿದ್ರ ನನ್ನ ಜೈಲಿಗೆ ಹಾಕ್ತಿದ್ರು" ಎಂದರು. ಮೂವರಲ್ಲಿ ಒಬ್ಬಾಕೆ ಮರಾಠಿಯಲ್ಲಿ, "ಮಗ್ ಕುಣಾಚಂ ಖರಂ, ಕಾಕಾ?" ಎಂದಳು; ಹಾಗಾದರೆ ಯಾವುದು ನಿಜ? "ಅಜೂನ್ ಕಳಾಯಚಂ ಆಹೆ ತಾಈ" ಎಂದರು, ಇನ್ನೂ ತಿಳಿಯಬೇಕಾಗಿದೆ. ಇದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿದೆ, ಆದ್ದರಿಂದ ನಂಬುತ್ತೇನೆ.

ಈಗ ಫ್ರಿಜ್ಜಿನ ವಿಷಯ.

ಕಾಕಾ ಮತ್ತು ಅವರ ತಮ್ಮ ಒಂದೇ ಮನೆಯಲ್ಲಿದ್ದರು. ಕೆಳಗೆ ಕಾಕಾ ಒಬ್ಬರೇ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೇಲೆ ತಮ್ಮ ಮತ್ತು ಆತನ ಹೆಂಡತಿ. ಪಾಲಾದಾಗ ಮೀಟರು ಎರಡಾಗಿದ್ದವು. ಎರಡೂ ಮೆಟ್ಟಿಲ ಗೋಡೆಯ ಮೇಲೆ ಅಕ್ಕಪಕ್ಕ. ಫ್ರಿಜ್ಜು ಒಂದೇ, ಮೇಲಿನ ಮನೆಯಲ್ಲಿ.

ನಮ್ಮ ಕಡೆ ತಿಂಗಳಿಗೆ ನೂರು ಯೂನಿಟ್ ದಾಟಿದರೆ ಮುಂದಿನ ಯೂನಿಟ್ಟುಗಳ ದರ ಏರುತ್ತದೆ. ಅದಕ್ಕೆ ಇಂಥ ಜೋಡಿ ಮನೆಗಳಲ್ಲಿ ಒಂದು ರೂಢಿ ಇದೆ. ಒಬ್ಬರ ಮೀಟರು ನೂರರ ಹತ್ತಿರ ಬಂತೆಂದರೆ, ಫ್ರಿಜ್ಜಿನ ತಂತಿಯನ್ನು ಇನ್ನೊಬ್ಬರ ಮೀಟರಿಗೆ ಹೊರಳಿಸುತ್ತಾರೆ. ಇವರ ಮನೆಯಲ್ಲಿ ಅದಕ್ಕೆಂದೇ ಮೆಟ್ಟಿಲ ಹತ್ತಿರ ಒಂದು ಸ್ವಿಚ್ಚು: ಈ ಕಡೆ ಒತ್ತಿದರೆ ತಮ್ಮನ ಮೀಟರು, ಆ ಕಡೆ ಒತ್ತಿದರೆ ಅಣ್ಣನದು. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದಂತೆ ಅದು. ಯಾರೂ ಮುಚ್ಚಿಡುವುದಿಲ್ಲ, ಕೇಳದೆ ಹೇಳುವುದೂ ಇಲ್ಲ, ಹೇಳುವಂಥ ಸಂಗತಿ ಎಂದು ಅನ್ನಿಸುವುದೇ ಇಲ್ಲ.

ತಮ್ಮ ಮಗ್ಗದ ಕೆಲಸಗಾರ. ಮಾಲಕ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿ ಹೊಸ ಯಂತ್ರ ತಂದಾಗ ಕೆಲಸ ಹೋಯಿತು. ವಯಸ್ಸು ಐವತ್ತು ದಾಟಿತ್ತು. ಆ ಹೊತ್ತಿಗೆ ಒಂದು ಹೋಲಿಕೆ ವೆಬ್‌ಸೈಟಿನ ಮೂಲಕ ಮಾಳಿಗೆಯ ಮೇಲೆ ಸಣ್ಣ ಸೋಲಾರ್ ಹಾಕಿಸಿದರು. ಮೂರೇ ತಿಂಗಳಲ್ಲಿ ಬಿಲ್ಲಿನಲ್ಲಿ ಯೂನಿಟ್ಟಿನ ಹಣ ಸೊನ್ನೆ. ವೆಬ್‌ಸೈಟಿನವರು ಆ ಬಿಲ್ಲಿನ ಫೋಟೋ ತೆಗೆದುಕೊಂಡು ಹೋದರು. ಓಣಿಯ ಹನ್ನೆರಡು ಮನೆ ಕೂಡಿಸಿಕೊಟ್ಟರೆ ಆ ಭಾಗಕ್ಕೆ ನೀವೇ ನಮ್ಮ ಏಜೆಂಟ್ ಎಂದು ಮಾತು ಕೊಟ್ಟರು.

ಆ ಸೊನ್ನೆಯಲ್ಲಿ ಫ್ರಿಜ್ಜು ಇರಲಿಲ್ಲ. ಬಿಸಿಲಿನ ಕರೆಂಟು ಹಗುರ, ಅದರ ಮೇಲೆ ಓಡಿಸಿದರೆ ಫ್ರಿಜ್ಜು ಕೆಡುತ್ತದೆ ಎಂದು ತಮ್ಮನ ಹೆಂಡತಿಗೆ ಯಾರೋ ಹೇಳಿದ್ದರು. ಪ್ಯಾನೆಲ್ ಬಂದ ದಿನವೇ ಆಕೆ ಸ್ವಿಚ್ಚನ್ನು ಭಾವನ ಕಡೆ ಒತ್ತಿ ಹಾಗೇ ಬಿಟ್ಟಿದ್ದರು. ಭಾವನ ಮನೆಯಲ್ಲಿ ಒಂದು ಫ್ಯಾನು, ಎರಡು ದೀಪ. ಫ್ರಿಜ್ಜು ಸೇರಿದರೂ ನೂರು ದಾಟುತ್ತಿರಲಿಲ್ಲ. ಯಾರಿಗೂ ಭಾರವಾಗಲಿಲ್ಲ. ಮೀಟರು ಓದಿಯೇ ಜೀವನ ಕಳೆದ ಮನುಷ್ಯನಿಗೆ ಅದು ಗೊತ್ತಿತ್ತು. ವರದಿ ಬರೆಯುವಾಗ ನನಗೆ ಗೊತ್ತಿರಲಿಲ್ಲ. ನನ್ನ ಲೆಕ್ಕ ಮೀಟರಿನ ಲೆಕ್ಕ: ಸೋಲಾರಿಗಿಂತ ಮೊದಲಿನ ಮೂರು ತಿಂಗಳು, ನಂತರದ ಮೂರು ತಿಂಗಳು, ಎರಡರ ವ್ಯತ್ಯಾಸ. ಆ ಪ್ರಕಾರ ಮೂರೂ ಊರುಗಳಲ್ಲಿ ಅತಿ ಹೆಚ್ಚು ಉಳಿಸಿದ ಮನೆ ತಮ್ಮನದು. ವರದಿಯ ಮೊದಲ ಪುಟದಲ್ಲೇ ಅದನ್ನು ಇಟ್ಟಿದ್ದೆ.

ಓಣಿಯ ಹೆಂಗಸರ ಬಚತ್ ಗಟದಲ್ಲಿ, ಅಂದರೆ ಉಳಿತಾಯ ಸಂಘದಲ್ಲಿ, ಹನ್ನೆರಡೇ ಮಂದಿ. ವರ್ಷಗಟ್ಟಲೆ ವಾರ ವಾರ ಕೂಡಿಟ್ಟ ಗಂಟನ್ನು ಮುಂಗಡ ಕೊಟ್ಟು, ಉಳಿದದ್ದಕ್ಕೆ ಬ್ಯಾಂಕಿನ ಸಾಲ ತೆಗೆದು, ತಮ್ಮನ ಮನೆಯ ಮೇಲಿದ್ದಂಥ ಸಣ್ಣ ಸೋಲಾರನ್ನೇ ಎಲ್ಲರೂ ಹಾಕಿಸುವುದೆಂದು ಮಾತಾಯಿತು. ಸಹಿಗೆ ದಿನ ಗೊತ್ತಾಯಿತು. ಆ ಮೀಟಿಂಗಿಗೆ ನಾಲ್ಕು ದಿನ ಮುಂಚೆ ನಾನೂ ಕಾಕಾನೂ ಕೊನೆಯ ಬಾರಿ ಗಡಹಿಂಗ್ಲಜಕ್ಕೆ ಹೋಗಿದ್ದೆವು.

ನನ್ನ ನೆನಪು ಜಾರುವುದು ಇಲ್ಲಿ.

ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಅವರು ಶೇಂಗಾದ ಪೊಟ್ಟಣ ಹಿಡಿದಿದ್ದರು. ಇಷ್ಟು ಸರಿ. ನನಗೆ ಕೇಳಿಸುವ ಮಾತು ಇದು: "ಸಾಹೇಬ್ರ, ಒಂದ ಮನ್ಯಾಗ ಎರಡು ಮೀಟರ್ ಇದ್ವು ಅನ್ರಿ. ನಿಮ್ಮ ಲೆಕ್ಕದಾಗ ಅದಕ್ಕೇನ ಮಾಡ್ತೀರಿ?" ನಾನು ಹೇಳಿದ್ದು: "ಮೀಟರಿಗೆ ಒಬ್ಬ ಗ್ರಾಹಕ, ಕಾಕಾ. ಪದ್ಧತಿ ಅದೇ." ಅವರು: "ಒಂದರಾಗಿಂದು ಇನ್ನೊಂದಕ್ಕ ಹೊರಳಿಸಿದ್ರ?" ನಾನು ಏನಂದೆ? ಒಮ್ಮೊಮ್ಮೆ, "ಅಂಥವು ಅಪರೂಪ ಬಿಡ್ರಿ" ಎಂದಂತೆ ಕೇಳಿಸುತ್ತದೆ. ಒಮ್ಮೊಮ್ಮೆ ಬಸ್ಸು ಬಂದುಬಿಡುತ್ತದೆ. ಇನ್ನು ಕೆಲವು ಸಲ ಅವರು ನೇರವಾಗಿ, "ನಮ್ಮ ತಮ್ಮನ ಮನಿ ಫ್ರಿಜ್ಜು ನನ್ನ ಮೀಟರಿನ ಮ್ಯಾಲ ಐತಿ" ಎನ್ನುತ್ತಾರೆ, ನಾನು ಪುಸ್ತಕ ತೆಗೆದು ಬರೆದುಕೊಳ್ಳುತ್ತೇನೆ. ಈ ಮೂರನೆಯದು ಅವರ ಸ್ವಭಾವಕ್ಕೆ ಹೊಂದುವುದಿಲ್ಲ. ಆದರೆ ಬೇರೆ ಮನೆಯ ಮಾತಾಡದ ನಿಯಮವನ್ನು ಅವರು ನಾಲ್ಕು ದಿನದ ಮೇಲೆ ಮುರಿದರು ಎಂಬುದು ನನಗೆ ಗೊತ್ತಿದೆ, ಬಸ್ ಸ್ಟ್ಯಾಂಡಿನಲ್ಲೇ ಮುರಿದಿರಬಾರದೇಕೆ? ಪುಸ್ತಕ ತೆಗೆದು ನೋಡಿದೆ. ಒಂದು ಪುಟದ ಅಂಚಿನಲ್ಲಿ ನನ್ನ ಅಕ್ಷರದಲ್ಲಿ 'ಎರಡು ಮೀಟರ್?' ಎಂದಿದೆ. ತಾರೀಖಿಲ್ಲ. ಫ್ರಿಜ್ಜಿನ ಹೆಸರಿಲ್ಲ. ಮೀಟಿಂಗಿನ ನಂತರವೂ ಬರೆದಿರಬಹುದು.

ಮೀಟಿಂಗು ನಡೆದಿದ್ದು ಗಟದ ಅಧ್ಯಕ್ಷೆಯ ಮನೆಯಲ್ಲಿ. ಮನೆಯಲ್ಲೇ ಮಗ್ಗಕ್ಕೆ ನೂಲಿನ ಕಾಂಡಿ ಸುತ್ತಿಕೊಡುವ ಗಟ್ಟಿ ಹೆಂಗಸು. ಕಾಂಡಿಯ ಬುಟ್ಟಿಗಳನ್ನು ಗೋಡೆಗೆ ಸರಿಸಿ ಜಮಖಾನೆ ಹಾಸಿದ್ದರು. ವೆಬ್‌ಸೈಟಿನ ಯುವಕ ಟ್ಯಾಬು ಎತ್ತಿ ತಮ್ಮನ ಬಿಲ್ಲು ತೋರಿಸಿದ. "ಹೇ ಬಘಾ ತಾಈ, ಶೂನ್ಯ!" ಇದು ನೋಡಿ ಅಕ್ಕಾ, ಸೊನ್ನೆ! ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವನ ಪಕ್ಕದಲ್ಲೇ ಕೂತಿದ್ದರು. ಫಾರ್ಮುಗಳು ಹೆಂಗಸರ ಕೈಗೆ ಬಂದವು. ಆಗ ಅಧ್ಯಕ್ಷೆ ನನ್ನ ಕಡೆ ತಿರುಗಿದರು.

"ಸರ್, ಇವ್ರು ಮಾರಾಕ ಬಂದಾರ, ಮಾರಾವ್ರು ಛಲೋನ ಹೇಳ್ತಾರ. ನೀವು ಮೂರೂರು ತಿರಗ್ಯಾಡಿ ಲೆಕ್ಕಾ ಹಾಕೀರಿ. ಸುತ್ತಿ ಬಳಸಿ ಹೇಳಬ್ಯಾಡ್ರಿ. ನಮಗೂ ಹಿಂಗ ಸೊನ್ನಿ ಬರ್ತೈತೋ ಇಲ್ಲೋ?"

"ಈ ಮನೆಯ ಅಂಕಿಅಂಶ ಸರಿಯಾಗಿದೆ" ಎಂದೆ. "ಸಾಮಾನ್ಯವಾಗಿ..."

"ಸಾಮಾನ್ಯವಾಗಿ ಅಂದ್ರ?"

"ಬರಬಹುದು."

ಕಾಕಾ ಬಾಗಿಲ ಹತ್ತಿರ ಕೂತಿದ್ದರು. ನಾನು ಮಾತು ಮುಗಿಸಿದಾಗ ಅವರು ನನ್ನನ್ನೇ ನೋಡುತ್ತಿದ್ದರು. ಇನ್ನೂ ಏನೋ ಹೇಳುತ್ತೇನೆ ಎಂದು ಕಾಯುತ್ತಿದ್ದರು. ಹಾಗೆಂದು ನೆನಪು. ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

ಒಬ್ಬಾಕೆ ಪೆನ್ನು ಕೇಳಿದಳು. ಕಾಕಾ ಎದ್ದರು.

"ಪೆನ್ ಆಮ್ಯಾಲ. ಎಲ್ಲಾರೂ ಒಂದ ಹತ್ತು ಮಿನಿಟು ನಮ್ಮ ಮನೀಗೆ ಬರ್ರಿ."

"ಈಗ್ಯಾಕ ಅಣ್ಣಾ?" ಎಂದರು ತಮ್ಮ.

"ಬಾ ನೀನೂ."

ಮೂರು ಮನೆ ದಾಟಿದರೆ ಅವರ ಮನೆ. ಹನ್ನೆರಡು ಹೆಂಗಸರು ಮೆಟ್ಟಿಲ ಬುಡದಲ್ಲಿ ಒತ್ತಿಕೊಂಡು ನಿಂತರು. ಕಾಕಾ ಬಟ್ಟೆ ತೆಗೆದು ಎರಡೂ ಮೀಟರಿನ ಗಾಜು ಒರೆಸಿದರು. ಆಮೇಲೆ ತಾವಿದ್ದ ಕೆಳಗಿನ ಮನೆಯ ಬಾಗಿಲಿಗೆ ಹಾಕಿದ್ದ ಬೀಗ ತೋರಿಸಿದರು.

"ಇದು ನನ್ನ ಮನಿ. ಒಳಗ ಯಾರೂ ಇಲ್ಲ, ಫ್ಯಾನ್ ಬಂದ್, ದೀಪಾ ಬಂದ್. ಇದು ನನ್ನ ಮೀಟರು. ಕೆಂಪು ದೀಪಾ ನೋಡ್ರಿ. ಯಾಕ ಮಿಣುಕಾಕತ್ತೈತಿ?"

ದೀಪ ನಿಧಾನವಾಗಿ, ಬಿಟ್ಟೂ ಬಿಡದೆ ಮಿಣುಕುತ್ತಿತ್ತು. ಮೇಲಿನಿಂದ ತಮ್ಮನ ಹೆಂಡತಿ ಇಳಿದು ಬಂದು, ಗದ್ದಲ ಏನೆಂದು ನೋಡಿ, ಭಾವನ ಮುಖ ನೋಡಿ, ಏನೂ ಕೇಳದೆ ತಾವೇ ಕೈಚಾಚಿ ಸ್ವಿಚ್ಚನ್ನು ಹೊರಳಿಸಿದರು. ಕಾಕಾನ ಮೀಟರಿನ ದೀಪ ನಿಂತಿತು.

"ಫ್ರಿಜ್ಜು" ಎಂದರು ಆಕೆ, ಬೇರೆ ಯಾರಿಗೋ ವಿಳಾಸ ಹೇಳುವ ದನಿಯಲ್ಲಿ.

ಯುವಕ ನಕ್ಕು, ಇದು ಸಣ್ಣ ವಿಷಯ, ಎಲ್ಲರ ಮನೆಯಲ್ಲೂ ಹೆಚ್ಚು ಕಡಿಮೆ ಇರುತ್ತದೆ ಎಂದ.

"ಸಣ್ಣದಾದ್ರ ನಿಮ್ಮ ಮನಿ ಫ್ರಿಜ್ಜೂ ಕಾಕಾನ ಮೀಟರಿಗೆ ಹಚ್ರಿ" ಎಂದರು ಅಧ್ಯಕ್ಷೆ. "ನಮ್ಮ ಮನಿ ಗ್ವಾಡಿಗೆ ಭಾವ ಇಲ್ಲ, ಎರಡನೇ ಮೀಟರೂ ಇಲ್ಲ. ನಮ್ಮ ಫ್ರಿಜ್ಜು ಎಲ್ಲಿ ಹೋಗ್ಬೇಕ್ರಿ?"

ಹೆಂಗಸರು ನಕ್ಕರು. ಆ ನಗೆಯ ನಡುವೆ ತಮ್ಮ ಒಬ್ಬರೇ ಮೆಟ್ಟಿಲು ಹತ್ತಿ ಮೇಲೆ ಹೋದರು. ಅಂದು ಯಾರೂ ಸಹಿ ಹಾಕಲಿಲ್ಲ. ಆ ವಾರವೇ ಏಜೆಂಟಿನ ಮಾತು ಮುರಿದುಬಿತ್ತು. ತಮ್ಮ ಈಗ ನೂಲಿಗೆ ಗಂಜಿ ಹಾಕುವ ಒಂದು ಸೈಝಿಂಗ್ ಮಿಲ್ಲಿನ ಗೇಟಿನಲ್ಲಿ ವಾಚಮನ್.

ನಾನು ಎಲ್ಲ ಮನೆಗಳಿಗೂ ಮತ್ತೊಮ್ಮೆ ಹೋದೆ, ಒಂದು ಪ್ರಶ್ನೆ ಹೆಚ್ಚಿಗೆ ಹಿಡಿದುಕೊಂಡು: ನಿಮ್ಮ ಮನೆಯ ಯಾವುದಾದರೂ ಸಾಮಾನು ಬೇರೆ ಮೀಟರಿನ ಮೇಲೆ ಓಡುತ್ತದೆಯೇ? ಓಡುತ್ತಿದ್ದವು, ಒಂದೆಡೆ ಫ್ರಿಜ್ಜು, ಒಂದೆಡೆ ನೀರಿನ ಮೋಟರು, ಒಂದೆಡೆ ಹಿಟ್ಟಿನ ಗಿರಣಿ. ವರದಿ ಬದಲಾಯಿತು. ವೆಬ್‌ಸೈಟಿನ ಪಟ್ಟಿಯನ್ನು ದರ ತಿಳಿಯಲಷ್ಟೇ ಬಳಸಿ, ಒಂದು ವರ್ಷದ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಸೋಲಾರ್ ಹಾಕುವ ಇಬ್ಬರು ಮೂವರನ್ನು ತಾವೇ ಕರೆಸಿ ಮಾತಾಡಿದ ಮನೆಗಳಿಗೆ ನಿಜವಾಗಿ ಉಳಿದಿತ್ತು. ಮೇಲಿನ ಹೆಸರಿಗೆ ಬೆರಳೊತ್ತಿ ಸುಮ್ಮನಾದವರಿಗೆ ಉಳಿದದ್ದು ವೆಬ್‌ಸೈಟು ಹೇಳಿದ್ದಕ್ಕಿಂತ ಬಹಳ ಕಡಿಮೆ. ದರಗಳನ್ನು ಅದು ಸರಿಯಾಗಿಯೇ ಹೇಳುತ್ತದೆ. 'ನಿಮಗೆ ಇಷ್ಟು ಉಳಿಯುತ್ತದೆ' ಎಂಬ ಅಂಕಿ ಮಾತ್ರ ನಾವು ತುಂಬಿದ ಒಂದು ಬಿಲ್ಲಿನ ಮೇಲೆ ನಿಂತಿರುತ್ತದೆ. ಆ ವರ್ಷ ಓಣಿಯ ಐದು ಮನೆಯವರು ಬೇರೆ ಕಡೆ ವಿಚಾರಿಸಿ ತಮಗೆ ಬೇಕಾದ ಅಳತೆಯ ಸೋಲಾರ್ ಹಾಕಿಸಿಕೊಂಡರು. ಗಟದ ಗಂಟು ಉಳಿಯಿತು.

ಕೊಲ್ಹಾಪುರದಲ್ಲಿ ವರದಿ ಮಂಡಿಸುವಾಗ ನಾನು ಹೇಳಿದ್ದು: "ಕ್ಷೇತ್ರಕಾರ್ಯದಲ್ಲಿ ಎರಡು ಮೀಟರಿನ ಸಮಸ್ಯೆ ನನ್ನ ಗಮನಕ್ಕೆ ಬಂತು." ಚಪ್ಪಾಳೆ ಬಿತ್ತು. ಕಾಕಾ ಹಿಂದಿನ ಸಾಲಿನಲ್ಲಿದ್ದರು, ಅವರೂ ತಟ್ಟಿದರು.

ಆಮೇಲೆ ಇಚಲಕರಂಜಿಯ ಕಡೆ ಹೋದಾಗಲೆಲ್ಲ ಅವರನ್ನು ಕಂಡು ಬರುತ್ತಿದ್ದೆ. ಒಮ್ಮೆ ಕೇಳಿದೆ, ತಮ್ಮ ಮಾತಾಡುತ್ತಾರೇನು ಎಂದು. "ಮಾತ್ಯಾಕ್ರಿ, ಮ್ಯಾಲಿಂದ ದಿನಾ ರೊಟ್ಟಿ ಬರ್ತಾವ" ಎಂದರು. ಬಸ್ ಸ್ಟ್ಯಾಂಡಿನ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ಬದುಕಿದ್ದಾಗ ಒಂದೇ ಪ್ರಶ್ನೆ ಕೇಳಿದ್ದರೆ ನನಗೆ ಪುರಾವೆ ಸಿಗುತ್ತಿತ್ತು. ಕೇಳದಿರಲು ಅದೇ ಕಾರಣವೋ ಏನೋ.

ಇಷ್ಟು ಬರೆದಿಟ್ಟು, ಹತ್ತನೆಯ ದಿನ ಹೋದೆ.

ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ತಮ್ಮ ಹೊಸ್ತಿಲಲ್ಲೇ ಕೂತಿದ್ದರು, ಮಿಲ್ಲಿನ ಖಾಕಿ ಅಂಗಿಯಲ್ಲಿ. ಪಾಳಿಗೆ ಹೊರಡುವ ಹೊತ್ತು. ನನಗೆ ಕುರ್ಚಿ ತಂದುಹಾಕಿದರು.

"ಗಡಹಿಂಗ್ಲಜದಿಂದ ಬಂದ ಸಂಜೀ ಮುಂದ ಮ್ಯಾಲ ಬಂದ್ರಿ ಅಣ್ಣ," ಎಂದು ತಾವೇ ಶುರು ಮಾಡಿದರು. "'ನಾ ಆ ಹುಡುಗಗ ಹೇಳೇನಿ. ಅಂವ ಶಾಣ್ಯಾ ಇದ್ದಾನ. ಮೀಟಿಂಗಿನ್ಯಾಗ ಯಾರ ಹೆಸರೂ ತಗೀದ, ಎರಡು ಮೀಟರ್ ಇದ್ದ ಮನಿ ಲೆಕ್ಕಾ ಬ್ಯಾರೆ ಅಂತ ಹೇಳ್ತಾನ. ಹೆಂಗಸ್ರಿಗೆ ಖರೇ ತಿಳೀತೈತಿ, ನಿನ್ನ ಮಾನಾನೂ ಉಳೀತೈತಿ, ಕೆಲಸಾನೂ ಉಳದೀತು' ಅಂದ. ನಾ ಹೂಂ ಅಂದ್ನಿ. ಆಮ್ಯಾಲ ಮೀಟಿಂಗಿನ್ಯಾಗ ನೀವು ಏನೂ ಹೇಳ್ಲಿಲ್ಲ. ಅಂವ ಎಲ್ಲಾರನೂ ಕರಕೊಂಡು ಬಂದು ನನ್ನ ಮೆಟ್ಲಿಗೆ ನಿಂದ್ರಿಸಿದ. ನಾ ಅಂದ್ಕೊಂಡ್ನಿ, ಇಂವ ಯಾರಿಗೂ ಹೇಳಿಲ್ಲ. ನನ್ನ ಸುಮ್ಮನ ಕುಂದ್ರಸಾಕ ಸುಳ್ಳ ಹೇಳ್ಯಾನ. ಹಂಗಂತ ಅವನ ಮಾರಿ ಮ್ಯಾಲೂ ಅಂದ್ನಿ."

"ಅವರೇನಂದ್ರು?"

"'ಹೇಳೇನಿ' ಅಂದ. ಅಷ್ಟ."

ಅವರು ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತಿದ್ದರು. "ಈಗ ನೀವು ಹೇಳ್ರಿ. ಸುಳ್ಳ ಹೇಳಿ ಹ್ವಾದ್ನೇನು ನಮ್ಮಣ್ಣ?"

ಪುಟದ ಅಂಚಿನ ಎರಡು ಶಬ್ದ, ತಾರೀಖಿಲ್ಲ. ಮೂರು ಥರ ಕೇಳಿಸುವ ಒಂದು ಮಾತು. ಇಷ್ಟರ ಮೇಲೆ ಬೇರೆ ಯಾರಾದರೂ ತೀರ್ಮಾನ ಕೊಟ್ಟಿದ್ದರೆ ನಾನು ಎದ್ದು ನಿಂತು ಪ್ರಶ್ನಿಸುತ್ತಿದ್ದೆ.

"ಹೇಳಿದ್ರು" ಎಂದೆ. "ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ರು."

ಅವರು ಮೆಟ್ಟಿಲ ಕಡೆ ಮುಖ ಎತ್ತಿ ಕೂಗಿದರು. "ಏ, ಕೇಳಿದ್ಯೇನ? ಅಣ್ಣ ಹೇಳಿದ್ನಂತ!"

ಮೇಲಿನಿಂದ ಹೆಂಡತಿಯ ದನಿ ಬಂತು: "ನಾ ಎಂದಾರ ಇಲ್ಲ ಅಂದಿದ್ನೇನ? ನೀವ ಕೇಳ್ಲಿಲ್ಲ."

ತಮ್ಮ ಟೋಪಿ ತಲೆಗಿಟ್ಟುಕೊಂಡರು. ಎದುರು ಶೆಡ್ಡಿನ ಮಗ್ಗಗಳ ಸದ್ದು ಒಂದೇ ಸಮ ಬರುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದರು.

"ಹಂಗಾರ ಆವತ್ತು ನೀವ್ಯಾಕ ಸುಮ್ಮ ಕುಂತ್ರಿ?"

"ವರದಿ ಬರೆದು ಮುಗಿದಿತ್ತರಿ" ಎಂದೆ.

ಅದೊಂದು ಮಾತ್ರ ನನಗೆ ಯಾವ ಅನುಮಾನವೂ ಇಲ್ಲದೆ ನೆನಪಿದೆ.